ಬಟನ್‌ಗೆ ಟೇಪ್ ಸುತ್ತಿದ್ದು ಯಾರು? ಕೆಲಸದ ಜಾಗದ ಸುರಕ್ಷತೆ: ಮಾಲೀಕರ ಹೊಣೆ, ಮಾಲೀಕರ ಹಕ್ಕು

ತಗಡು ಒತ್ತುವ ಪ್ರೆಸ್ ಮಷಿನ್ ನೋಡಿದ್ದೀರಾ? ಅದರ ಮುಂದೆ ಎರಡು ಬಟನ್ ಇರುತ್ತವೆ. ಒಂದು ಎಡಗೈಗೆ, ಇನ್ನೊಂದು ಬಲಗೈಗೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಡೈ, ಅಂದರೆ ತಗಡು ಒತ್ತುವ ಅಚ್ಚು, ಕೆಳಗಿಳಿಯುತ್ತದೆ. ಎರಡೂ ಕೈ ಬಟನ್ ಮೇಲಿದ್ದರೆ ಡೈ ಅಡಿಯಲ್ಲಿ ಕೈ ಇರೋಕೆ ಸಾಧ್ಯವೇ ಇಲ್ಲ, ಅಲ್ವಾ? ಉಪಾಯ ಇಷ್ಟೇ.

ಈಗ ಒಬ್ಬ ಆಪರೇಟರ್ ಎಡಗಡೆ ಬಟನ್ನಿಗೆ ಟೇಪ್ ಸುತ್ತಿ, ಅದು ಸದಾ ಒತ್ತಿಕೊಂಡೇ ಇರುವ ಹಾಗೆ ಮಾಡುತ್ತಾನೆ ಅಂದುಕೊಳ್ಳಿ. ಬಲಗೈ ಬಟನ್ ಮೇಲೆ, ಎಡಗೈಯಲ್ಲಿ ತಗಡು. ಕೆಲಸ ಚಕಚಕ ಸಾಗುತ್ತದೆ. ಮೂರು ವಾರ ಏನೂ ಆಗುವುದಿಲ್ಲ. ನಾಲ್ಕನೇ ವಾರ ಎರಡು ಬೆರಳು ಹೋಗುತ್ತವೆ.

ತಪ್ಪು ಯಾರದು? ಮಾಲೀಕರನ್ನು ಕೇಳಿದರೆ ಉತ್ತರ ರೆಡಿ ಇರುತ್ತದೆ. "ಬೋರ್ಡ್ ಹಾಕಿದ್ದೀವಿ. ಟ್ರೈನಿಂಗ್ ಕೊಟ್ಟಿದ್ದೀವಿ. ರಿಜಿಸ್ಟರ್‌ನಲ್ಲಿ ಸಹಿ ಕೂಡ ಇದೆ. ಮಾಡಬೇಡ ಅಂದಿದ್ದನ್ನೇ ಮಾಡಿದ್ರೆ ನಾವೇನು ಮಾಡೋಕಾಗುತ್ತೆ?"

ಕೇಳಿದರೆ ಹೌದಲ್ಲ ಅನ್ನಿಸುತ್ತದೆ. ಆದರೆ ತನಿಖೆಗೆ ಬರುವ ಇನ್‌ಸ್ಪೆಕ್ಟರ್ ಬೇರೆ ಪ್ರಶ್ನೆಗಳನ್ನು ಕೇಳುತ್ತಾರೆ. ಟೇಪ್ ಎಷ್ಟು ದಿನದಿಂದ ಇತ್ತು? ಆ ಮೂರು ವಾರದಲ್ಲಿ ಸೂಪರ್‌ವೈಸರ್ ಎಷ್ಟು ಸಲ ಆ ಮಷಿನ್ ಪಕ್ಕ ಹಾದುಹೋದರು? ಶಿಫ್ಟಿಗೆ ಇಷ್ಟು ಪೀಸ್ ಆಗಲೇಬೇಕು ಎಂದು ಲೆಕ್ಕ ಹಾಕಿದ್ದು ಯಾರು? ಎರಡು ಬಟನ್ ಒತ್ತಿಕೊಂಡೇ ಅಷ್ಟು ಪೀಸ್ ಮಾಡೋಕಾಗುತ್ತಾ ಎಂದು ಯಾರಾದರೂ ಒಮ್ಮೆ ನಿಂತು ನೋಡಿದ್ದರಾ?

ಕೆಲಸದ ಜಾಗದ ಆರೋಗ್ಯ ಮತ್ತು ಸುರಕ್ಷತೆಯ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಕಲಮು ಬೇರೆ, ದಂಡ ಬೇರೆ. ಆದರೆ ಎಲ್ಲದರ ತಳದಲ್ಲಿರುವ ಲೆಕ್ಕಾಚಾರ ಒಂದೇ. ಕೆಲಸ ಹೇಗೆ ನಡೆಯಬೇಕು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿದೆಯೋ, ಅಪಾಯದ ಹೊಣೆಯೂ ಅವರದೇ. ಮಾಲೀಕರಿಗಿರುವ ಹಕ್ಕುಗಳೂ ಇದೇ ಬೇರಿನಿಂದ ಹುಟ್ಟಿದವು. ಇಷ್ಟು ಹಿಡಿದುಕೊಂಡರೆ ಉಳಿದದ್ದು ಅಷ್ಟೇನೂ ಕಷ್ಟವಲ್ಲ.

ಹೊಣೆ ಮಾಲೀಕರ ಹೆಗಲಿಗೆ ಬಂದ ಕಥೆ

ಮೊದಲು ಹೀಗಿರಲಿಲ್ಲ. 1837ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬ ಮಾಂಸದ ವ್ಯಾಪಾರಿಯ ಆಳು ಕೋರ್ಟಿಗೆ ಹೋದ. ಮಿತಿಮೀರಿ ಸರಕು ಹೇರಿದ್ದ ಬಂಡಿ ಮುರಿದು ಬಿದ್ದು ಅವನ ತೊಡೆ ಮುರಿದಿತ್ತು. ಜ್ಯೂರಿ 100 ಪೌಂಡ್ ಪರಿಹಾರ ಕೊಡಿಸಿತು. ಮೇಲಿನ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು. ಬಂಡಿ ಸರಿಯಿಲ್ಲ ಅನ್ನುವುದು ಆಳಿಗೂ ಗೊತ್ತಾಗುತ್ತಿತ್ತು, ಹತ್ತದೇ ಇರಬಹುದಿತ್ತಲ್ಲ ಅನ್ನುವುದು ಅವರ ವಾದ. ಕೂಲಿಗೆ ಒಪ್ಪಿದವನು ಅಪಾಯಕ್ಕೂ ಒಪ್ಪಿದ ಹಾಗೆ! ಈ ಯೋಚನೆಯಿಂದ ಹೊರಗೆ ಬರಲು ದಶಕಗಳೇ ಬೇಕಾದವು.

1884ರಲ್ಲಿ ಜರ್ಮನಿ ಅಪಘಾತ ವಿಮೆಯ ಕಾನೂನು ತಂದಿತು. ತಪ್ಪು ಯಾರದೇ ಇರಲಿ, ಗಾಯಗೊಂಡವನಿಗೆ ಹಣ ಸಿಗಬೇಕು, ವಿಮೆಯ ಕಂತು ಮಾಲೀಕರು ಕಟ್ಟಬೇಕು. ಇದು ದೊಡ್ಡ ಹೆಜ್ಜೆ. ಆದರೆ ಇದು ಕೈ ಹೋದ ಮೇಲಿನ ಮಾತು. ಕೈ ಹೋಗದಂತೆ ನೋಡಿಕೊಳ್ಳುವುದು ಯಾರ ಕೆಲಸ?

ಅದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲು ಗಣಿಯ ಪ್ರಕರಣದಲ್ಲಿ. ಪಾಳಿ ಮುಗಿಸಿ ಹೊರಡುತ್ತಿದ್ದ ಕಾರ್ಮಿಕನ ಕಡೆಗೆ ಕಲ್ಲಿದ್ದಲು ಎಳೆಯುವ ಯಂತ್ರ ಚಾಲೂ ಆಯಿತು. ಅವನು ಗೋಡೆಗೆ ಸಿಕ್ಕಿ ನಜ್ಜುಗುಜ್ಜಾದ. ಗಣಿ ಕಂಪನಿ ಹೇಳಿದ್ದು ಹೀಗೆ: "ನಾವು ತಾಂತ್ರಿಕ ವಿಷಯಕ್ಕೆ ಕೈ ಹಾಕೋ ಹಾಗಿಲ್ಲ, ಅದಕ್ಕೇ ಅರ್ಹ ಮ್ಯಾನೇಜರ್ ಇಟ್ಟಿದ್ದೀವಿ. ಅವರನ್ನು ಕೇಳಿ." ಬ್ರಿಟನ್ನಿನ ಅತ್ಯುನ್ನತ ಪೀಠ ಇದನ್ನು ಒಪ್ಪಲಿಲ್ಲ. ಕೆಲಸವನ್ನು ಬೇರೆಯವರಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು ಎಂದಿತು. ಕೆಲಸ ಬಲ್ಲ ಸಹೋದ್ಯೋಗಿಗಳು, ಸರಿಯಾದ ಸಲಕರಣೆ, ಸರಿಯಾದ ಕೆಲಸದ ವಿಧಾನ ಮತ್ತು ಉಸ್ತುವಾರಿ: ಇವಿಷ್ಟನ್ನು ಕೊಡುವುದು ಮಾಲೀಕರದೇ ಕರ್ತವ್ಯ.

ಇದು 1930ರ ದಶಕದ ತೀರ್ಪು. ಇವತ್ತಿಗೂ "ಅದೆಲ್ಲ ನಮ್ಮ ಸೇಫ್ಟಿ ಆಫೀಸರ್ ನೋಡ್ಕೋತಾರೆ" ಅನ್ನುವ ಮಾಲೀಕರಿಗೆ ಇದನ್ನು ಓದಿ ಹೇಳಬೇಕು ಅನ್ನಿಸುತ್ತದೆ. ಸೇಫ್ಟಿ ಆಫೀಸರ್ ಸಲಹೆ ಕೊಡುತ್ತಾರೆ, ನೆನಪಿಸುತ್ತಾರೆ, ಬೇಡಿಕೊಳ್ಳುತ್ತಾರೆ. ದುಡ್ಡು ಮಂಜೂರು ಮಾಡುವ ಪೆನ್ನು ಮಾತ್ರ ಅವರ ಕೈಯಲ್ಲಿರುವುದಿಲ್ಲ.

ಆಮೇಲೆ ಒಂದೊಂದಾಗಿ ದೊಡ್ಡ ಕಾನೂನುಗಳು ಬಂದವು. ಅಮೆರಿಕದಲ್ಲಿ 1970ರಲ್ಲಿ, ಬ್ರಿಟನ್‌ನಲ್ಲಿ 1974ರಲ್ಲಿ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲಿ ತನ್ನ 155ನೇ ಒಡಂಬಡಿಕೆ ತಂದಿತು. ಭೋಪಾಲ್ ಅನಿಲ ದುರಂತದ ನಂತರ 1987ರಲ್ಲಿ ಭಾರತದ ಕಾರ್ಖಾನೆ ಕಾಯ್ದೆಗೆ ಮಾಲೀಕರ ಸಾಮಾನ್ಯ ಕರ್ತವ್ಯ ಹೇಳುವ ಹೊಸ ಕಲಮು ಸೇರಿತು. 1989ರಲ್ಲಿ ಯುರೋಪಿಗೆಲ್ಲ ಅನ್ವಯಿಸುವ ನಿರ್ದೇಶನ ಬಂತು. 2022ರಲ್ಲಿ ಕಾರ್ಮಿಕ ಸಂಘಟನೆಯು ಸುರಕ್ಷಿತ, ಆರೋಗ್ಯಕರ ಕೆಲಸದ ವಾತಾವರಣವನ್ನು ಕೆಲಸಗಾರರ ಮೂಲಭೂತ ಹಕ್ಕುಗಳ ಪಟ್ಟಿಗೇ ಸೇರಿಸಿತು.

"ಸಾಧ್ಯವಾದ ಮಟ್ಟಿಗೆ" ಅಂದರೆ ಎಲ್ಲಿಯ ಮಟ್ಟಿಗೆ?

ಮಾಲೀಕರು ಕೆಲಸಗಾರರ ಸುರಕ್ಷತೆಯನ್ನು "ಸಮಂಜಸವಾಗಿ ಸಾಧ್ಯವಿರುವ ಮಟ್ಟಿಗೆ" ನೋಡಿಕೊಳ್ಳಬೇಕು. ಬ್ರಿಟಿಷ್ ಕಾಯ್ದೆಯಲ್ಲೂ 155ನೇ ಒಡಂಬಡಿಕೆಯಲ್ಲೂ ಇರುವ ಮಾತು ಇದು. ಜಾಸ್ತಿ ಜಗಳ ನಡೆಯುವುದೂ ಇದರ ಮೇಲೇ.

ಇದನ್ನು ಬಿಡಿಸಿ ಹೇಳಿದ್ದು 1949ರ ಇನ್ನೊಂದು ಗಣಿ ಪ್ರಕರಣ. ಗಣಿಯೊಳಗಿನ ದಾರಿಯ ಪಕ್ಕದ ಗೋಡೆ ಕುಸಿದು ಒಬ್ಬ ಸತ್ತಿದ್ದ. ಗೋಡೆಗೆ ಆಸರೆ ಇರಲಿಲ್ಲ. ಕೋರ್ಟ್ ಒಂದು ತಕ್ಕಡಿ ಹಿಡಿಯಿತು. ಒಂದು ತಟ್ಟೆಯಲ್ಲಿ ಅಪಾಯ. ಇನ್ನೊಂದರಲ್ಲಿ ಅದನ್ನು ತಡೆಯಲು ಬೇಕಾದ ಹಣ, ಸಮಯ, ಶ್ರಮ. ಎರಡನೇ ತಟ್ಟೆ ಸ್ವಲ್ಪ ಭಾರವಾದರೆ ಸಾಲದು. ಅಪಾಯದ ಎದುರಿಗೆ ಖರ್ಚು ತೀರಾ ಅತಿಯಾಗಿದ್ದರೆ ಮಾತ್ರ ಮಾಲೀಕರು "ಇದು ಆಗೋದಿಲ್ಲ" ಅನ್ನಬಹುದು. ತಕ್ಕಡಿ ಮೊದಲೇ ಕೆಲಸಗಾರನ ಕಡೆಗೆ ವಾಲಿಕೊಂಡಿದೆ ಅನ್ನಿ. ಇನ್ನೊಂದು ವಿಷಯ: ಈ ತೂಗಾಟ ಅಪಘಾತಕ್ಕೆ ಮುಂಚೆಯೇ ನಡೆಯಬೇಕು. ಆದ ಮೇಲೆ ಕೂತು ಲೆಕ್ಕ ತೋರಿಸಿದರೆ ಯಾರೂ ನಂಬುವುದಿಲ್ಲ.

ಹಾಗಂತ ಮಾಲೀಕರು ಪ್ರತಿ ಸಲವೂ ಸೋಲಲೇಬೇಕು ಅಂತಿಲ್ಲ. 1953ರ ಒಂದು ಪ್ರಕರಣ ನನಗೆ ತುಂಬ ಇಷ್ಟ. ಜೋರು ಮಳೆಗೆ ಒಂದು ಕಾರ್ಖಾನೆಯೊಳಗೆ ನೀರು ನುಗ್ಗಿತು. ನೆಲದ ಕಾಲುವೆಯಲ್ಲಿದ್ದ ಎಣ್ಣೆ ನೀರಿನ ಜೊತೆ ತೇಲಿ ನೆಲಕ್ಕೆಲ್ಲ ಹರಡಿತು. ನೀರು ಇಳಿದರೂ ಎಣ್ಣೆಯ ಜಾರು ಉಳಿಯಿತು. ಆಡಳಿತದವರು ಇದ್ದ ಮರದ ಹೊಟ್ಟನ್ನೆಲ್ಲ, ಸುಮಾರು ಮೂರು ಟನ್, ತಂದು ಸುರಿದರು. ಅದು ಅಷ್ಟು ದೊಡ್ಡ ನೆಲಕ್ಕೆ ಸಾಲಲಿಲ್ಲ. ಹೊಟ್ಟು ಬೀಳದ ಜಾಗದಲ್ಲಿ ಒಬ್ಬ ಜಾರಿ ಕಾಲಿಗೆ ಪೆಟ್ಟು ಮಾಡಿಕೊಂಡ. ಕಾರ್ಖಾನೆಯನ್ನೇ ಮುಚ್ಚಬೇಕಿತ್ತು ಅನ್ನುವುದು ಅವನ ವಾದ. ಕೋರ್ಟ್ ಒಪ್ಪಲಿಲ್ಲ. ದಿಢೀರನೆ ಬಂದ ಅಪಾಯ, ಕೈಲಾದದ್ದನ್ನೆಲ್ಲ ಮಾಡಿದ್ದಾರೆ, ಉಳಿದ ಜಾರಿಗಾಗಿ ಇಡೀ ಕಾರ್ಖಾನೆ ನಿಲ್ಲಿಸುವಷ್ಟು ಅಪಾಯ ಇರಲಿಲ್ಲ ಎಂದಿತು. ಆ ಮಾಲೀಕರನ್ನು ಕಾಪಾಡಿದ್ದು ವಕೀಲರಿಗಿಂತ ಜಾಸ್ತಿ ಆ ಮೂರು ಟನ್ ಹೊಟ್ಟು.

ಇದಕ್ಕೆ ಎದುರಾಗಿ ಒಂದು ಕಣ್ಣಿನ ಮೆಕ್ಯಾನಿಕ್ ಒಬ್ಬನ ಪ್ರಕರಣ ಇಡಿ. ಅದೂ ಬ್ರಿಟನ್ನಿನದೇ, ಇದಕ್ಕಿಂತ ಒಂದೆರಡು ವರ್ಷ ಹಿಂದಿನದು. ಅವನಿಗೆ ಒಂದು ಕಣ್ಣಿನ ದೃಷ್ಟಿ ಇರಲಿಲ್ಲ, ಕೆಲಸ ಕೊಟ್ಟವರಿಗೆ ಅದು ಗೊತ್ತಿತ್ತು. ವಾಹನದ ಅಡಿಯಲ್ಲಿ ತುಕ್ಕು ಹಿಡಿದ ಬೋಲ್ಟಿಗೆ ಸುತ್ತಿಗೆಯಲ್ಲಿ ಹೊಡೆದಾಗ ಲೋಹದ ಚೂರು ಸಿಡಿದು ಒಳ್ಳೆಯ ಕಣ್ಣಿಗೆ ಬಿತ್ತು. ಅವನು ಪೂರ್ತಿ ಕುರುಡನಾದ. ಇಂಥ ಕೆಲಸಕ್ಕೆ ಯಾರಿಗೂ ರಕ್ಷಣೆಯ ಕನ್ನಡಕ ಕೊಡುವ ರೂಢಿ ಇಲ್ಲ ಎಂದರು ಕೆಲಸ ಕೊಟ್ಟವರು. ಬೇರೆಯವರಿಗೆ ಒಂದು ಕಣ್ಣು ಹೋದರೆ ಇನ್ನೊಂದು ಉಳಿಯುತ್ತದೆ, ಇವನಿಗೆ? ಚೂರು ಸಿಡಿಯುವ ಸಂಭವ ಎಲ್ಲರಿಗೂ ಒಂದೇ, ಆದರೆ ನಷ್ಟ ಒಂದೇ ಅಲ್ಲ. ಹೊಣೆ ಇರುವುದು ಪ್ರತಿಯೊಬ್ಬ ಕೆಲಸಗಾರನ ಬಗ್ಗೆ, ಗುಂಪಿನ ಸರಾಸರಿಯ ಬಗ್ಗೆ ಅಲ್ಲ ಎಂದು ತೀರ್ಪಾಯಿತು. ಗರ್ಭಿಣಿ, ಹೊಸಬ, ಬೋರ್ಡಿನ ಭಾಷೆ ಓದಲು ಬಾರದವರು, ಕಿವಿ ಮಂದ ಇರುವವರು, ಎಲ್ಲರಿಗೂ ಈ ಮಾತು ಅನ್ವಯ.

ಹೆಲ್ಮೆಟ್ ಕೊನೆಗೆ

ಸೇಫ್ಟಿ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಹೆಲ್ಮೆಟ್, ಬೂಟು, ಕೈಗವಸು, ಮಾಸ್ಕ್. ಆದರೆ ಸುರಕ್ಷತೆಯ ಮೆಟ್ಟಿಲಲ್ಲಿ ಇವೆಲ್ಲ ಕಟ್ಟಕಡೆಯವು. ಮೊದಲ ಪ್ರಶ್ನೆ, ಈ ಅಪಾಯವನ್ನೇ ತೆಗೆದುಹಾಕಬಹುದಾ? ಆಗದಿದ್ದರೆ, ಕಡಿಮೆ ಅಪಾಯದ ಬದಲಿ ಇದೆಯಾ? ಅದೂ ಇಲ್ಲದಿದ್ದರೆ, ಗಾರ್ಡ್, ಬೇಲಿ, ಗಾಳಿ ಎಳೆಯುವ ಯಂತ್ರದಂಥ ಅಡ್ಡಿಯನ್ನು ಅಪಾಯಕ್ಕೂ ಮನುಷ್ಯನಿಗೂ ನಡುವೆ ಇಡಬಹುದಾ? ಆಮೇಲೆ ಬರುವುದು ನಿಯಮ, ತರಬೇತಿ, ಪಾಳಿ ಬದಲಾವಣೆ. ಇಷ್ಟೆಲ್ಲ ಮಾಡಿದ ಮೇಲೂ ಉಳಿದ ಅಪಾಯಕ್ಕೆ ಮೈಮೇಲೆ ಹಾಕುವ ಸಲಕರಣೆ.

ಈ ಕ್ರಮ ಯಾಕೆ? ಕಲ್ಲು ಕತ್ತರಿಸುವ ಕೆಲಸ ತೆಗೆದುಕೊಳ್ಳಿ. ಒಣಗರಗಸದಲ್ಲಿ ಕತ್ತರಿಸಿದರೆ ಬಿಳಿ ಮೋಡದಂತೆ ಧೂಳು ಏಳುತ್ತದೆ. ಕಣ್ಣಿಗೆ ಕಾಣುವ ಧೂಳು ದೊಡ್ಡ ಅಪಾಯವಲ್ಲ. ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಕೂರುತ್ತವೆ. ಅದರಿಂದ ಬರುವ ಸಿಲಿಕೋಸಿಸ್ ಗುಣವಾಗುವ ಕಾಯಿಲೆಯಲ್ಲ. ಮಾಸ್ಕ್ ಕೊಟ್ಟರೆ ಆಯಿತಲ್ಲ ಅನ್ನಬಹುದು. ಮಾಸ್ಕ್ ಮುಖಕ್ಕೆ ಒತ್ತಿ ಕೂರಬೇಕು, ಗಡ್ಡ ಇದ್ದರೆ ಸಂದಿ ಬಿಡುತ್ತದೆ. ಸೆಕೆಗೆ ಬೆವರುತ್ತದೆ, ಮಾತಾಡಲು ಕೆಳಗೆಳೆಯುತ್ತಾರೆ, ಫಿಲ್ಟರ್ ಬದಲಾಯಿಸಲು ಮರೆಯುತ್ತಾರೆ. ಅದೇ ಗರಗಸಕ್ಕೆ ಒಂದು ನೀರಿನ ಪೈಪ್ ಕೊಟ್ಟರೆ ಧೂಳಿನ ಬಹುಪಾಲು ಏಳುವ ಮೊದಲೇ ಕೆಸರಾಗಿ ಇಳಿಯುತ್ತದೆ. ನೀರಿಗೆ ಗಡ್ಡದ ಚಿಂತೆಯಿಲ್ಲ, ಸೆಕೆಯೂ ಇಲ್ಲ. ಅಡುಗೆಮನೆಯ ಕಟ್ಟೆಗೆ ಹಾಸುವ ಕೃತಕ ಕಲ್ಲಿನಲ್ಲಿ ಸಿಲಿಕಾ ಬಹಳ ಜಾಸ್ತಿ. ಆಸ್ಟ್ರೇಲಿಯಾ ಇನ್ನೂ ಮೇಲಿನ ಮೆಟ್ಟಿಲಿಗೇ ಹತ್ತಿ, 2024ರ ಜುಲೈ 1ರಿಂದ ಆ ಕಲ್ಲನ್ನೇ ನಿಷೇಧಿಸಿತು.

ಸದ್ದಿನ ಲೆಕ್ಕವೂ ಮೋಸದ್ದು. ಎಂಟು ಗಂಟೆಗೆ 85 ಡೆಸಿಬೆಲ್ ಮಿತಿ ಅಂತಿಟ್ಟುಕೊಂಡರೆ, 88ಕ್ಕೆ ನಾಲ್ಕು ಗಂಟೆ, 91ಕ್ಕೆ ಎರಡೇ ಗಂಟೆ. ಮೂರು ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟು. 100 ಆದರೆ ಉಳಿಯುವುದು ಕಾಲು ಗಂಟೆ! "ಅಭ್ಯಾಸ ಆಗಿಬಿಟ್ಟಿದೆ ಸಾರ್" ಎಂದು ಯಾರಾದರೂ ಅಂದರೆ ಅರ್ಧ ಕಿವಿ ಆಗಲೇ ಹೋಗಿದೆ ಎಂದೂ ಆಗಬಹುದು.

ಕಾಯಿಲೆಯ ವಿಷಯದಲ್ಲಿ ಮಾಲೀಕರು ಎಡವುವುದು ಇಲ್ಲೇ. ಅಪಘಾತ ಕಣ್ಣಿಗೆ ಕಾಣುತ್ತದೆ, ರಕ್ತ ಕಾಣುತ್ತದೆ. ಕಲ್ನಾರಿನ (ಆಸ್ಬೆಸ್ಟಾಸ್) ಧೂಳು ಹೊಕ್ಕ ದೇಹದಲ್ಲಿ ಕಾಯಿಲೆ ಕಾಣಿಸಿಕೊಳ್ಳಲು 20-30 ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅಷ್ಟರಲ್ಲಿ ಕೆಲಸಗಾರ ನಿವೃತ್ತನಾಗಿರುತ್ತಾನೆ, ಕಂಪನಿ ಕೈ ಬದಲಾಗಿರುತ್ತದೆ. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಜನ ಕೆಲಸದ ಕಾರಣಕ್ಕೆ ಸಾಯುತ್ತಾರೆ. ಅದರಲ್ಲಿ ಸುಮಾರು 26 ಲಕ್ಷ ಕಾಯಿಲೆಯಿಂದ, ಅಪಘಾತದಿಂದ ಸುಮಾರು 3.3 ಲಕ್ಷ. ನಮ್ಮ ಬೋರ್ಡುಗಳೆಲ್ಲ "ಅಪಘಾತವಿಲ್ಲದೆ ಇಷ್ಟು ದಿನ" ಎಂದು ಎಣಿಸುತ್ತಿರುತ್ತವೆ!

ಸಹಿ ಹಾಕಿಸಿಕೊಂಡರೆ ಮುಗಿಯಿತಾ?

ಅಪಾಯದ ಅಂದಾಜು ಮಾಡಬೇಕು, ಬರೆದಿಡಬೇಕು, ತರಬೇತಿ ಕೊಡಬೇಕು, ದಾಖಲೆ ಇಡಬೇಕು. ಇದೆಲ್ಲ ಕರ್ತವ್ಯಗಳ ಪಟ್ಟಿಯಲ್ಲಿ ಇದ್ದೇ ಇದೆ. ತೊಂದರೆ ಏನೆಂದರೆ ಕಾಗದ ಬಲುಬೇಗ ಕೆಲಸದ ಜಾಗ ತಗೊಂಡುಬಿಡುತ್ತದೆ. ಬೇರೆ ಯಾವುದೋ ಕಂಪನಿಯ ಫೈಲ್ ತಂದು ಹೆಸರು ಬದಲಿಸಿದ ಅಪಾಯದ ಅಂದಾಜುಗಳಿಗೇನೂ ಬರವಿಲ್ಲ. ನಮ್ಮಲ್ಲಿ ಇಲ್ಲದ ಯಂತ್ರದ ಅಪಾಯ ಅದರಲ್ಲಿರುತ್ತದೆ, ಇರುವ ಯಂತ್ರದ್ದು ಇರುವುದಿಲ್ಲ. ಅಂಥ ಫೈಲ್ ಕೋರ್ಟಿನಲ್ಲಿ ಮಾಲೀಕರ ವಿರುದ್ಧವೇ ಸಾಕ್ಷಿ ಹೇಳುತ್ತದೆ.

ಕಿಟಕಿ ಒರೆಸುವವನೊಬ್ಬನ ಹಳೆಯ ಪ್ರಕರಣ ಇಲ್ಲಿ ನೆನಪಾಗುತ್ತದೆ. ಅವನು ಹೊರಗಿನ ಕಟ್ಟೆಯ ಮೇಲೆ ನಿಂತು, ಮೇಲೆ ಕೆಳಗೆ ಜಾರುವ ಕಿಟಕಿ ಚೌಕಟ್ಟನ್ನು ಹಿಡಿದುಕೊಂಡು ಗಾಜು ಒರೆಸುತ್ತಿದ್ದ. ಚೌಕಟ್ಟು ಜಾರಿ ಬೆರಳ ಮೇಲೆ ಬಿತ್ತು, ಕೈ ಬಿಟ್ಟ, ಕೆಳಗೆ ಬಿದ್ದ. ಎಲ್ಲರೂ ಹಾಗೇ ಒರೆಸುತ್ತಾರೆ, ಅನುಭವಸ್ಥನಿಗೆ ನಾವೇನು ಹೇಳಿಕೊಡುವುದು ಎಂದಿತು ಕಂಪನಿ. ಕೋರ್ಟ್ ಹೇಳಿದ್ದು ಬೇರೆ. ಕಟ್ಟೆಯ ಮೇಲೆ ಜೀವ ಹಿಡಿದು ನಿಂತವನಿಗೆ ಕೂತು ಯೋಚಿಸಲು ಪುರುಸೊತ್ತಿಲ್ಲ. ಆಫೀಸಿನಲ್ಲಿ ಕೂತ ಕಂಪನಿಗೆ ಇದೆ. ಚೌಕಟ್ಟು ಬೀಳದಂತೆ ಒಂದು ಬೆಣೆ ಸಿಕ್ಕಿಸುವ ಉಪಾಯ ಹುಡುಕಬೇಕಾದವರು ಅವರು.

ತರಬೇತಿಯೂ ಹೀಗೇ. ಅರ್ಥವಾಗದ ಭಾಷೆಯಲ್ಲಿ ಎರಡು ಗಂಟೆ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಂಡರೆ, ಅಲ್ಲಿ ನಡೆದದ್ದು ಸಹಿ ಮಾತ್ರ. ಕಲಿತಿದ್ದಾನಾ ಎಂದು ನೋಡಲು ಒಂದೇ ದಾರಿ, ಅವನ ಕೈಯಲ್ಲೇ ಮಾಡಿಸಿ ನೋಡುವುದು.

ಕಾಂಟ್ರಾಕ್ಟ್ ಕೆಲಸಗಾರರ ವಿಷಯ ಇನ್ನೂ ನಾಜೂಕು. "ಅವರು ನಮ್ಮವರಲ್ಲ, ಕಾಂಟ್ರಾಕ್ಟರ್ ಕಡೆಯವರು" ಅನ್ನುವ ಮಾತು ಸಂಬಳದ ಲೆಕ್ಕದಲ್ಲಿ ನಡೆಯಬಹುದು, ಸುರಕ್ಷತೆಯಲ್ಲಿ ನಡೆಯುವುದಿಲ್ಲ. ಒಂದೇ ಜಾಗದಲ್ಲಿ ಇಬ್ಬರು ಮಾಲೀಕರ ಜನ ಕೆಲಸ ಮಾಡುತ್ತಿದ್ದರೆ ಇಬ್ಬರೂ ಕೂಡಿ ನೋಡಿಕೊಳ್ಳಬೇಕು ಎಂದು 155ನೇ ಒಡಂಬಡಿಕೆಯೇ ಹೇಳುತ್ತದೆ. ಯಾಕೆಂದರೆ ಅಪಾಯ ಹುಟ್ಟುವುದು ಹೆಚ್ಚಾಗಿ ಇಬ್ಬರ ನಡುವಿನ ಸಂದಿಯಲ್ಲಿ.

1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಆದದ್ದು ಇದೇ. ಒಂದು ಪಂಪಿನ ಸುರಕ್ಷತಾ ವಾಲ್ವ್ ಬಿಚ್ಚಿ, ಆ ಜಾಗಕ್ಕೆ ತಾತ್ಕಾಲಿಕವಾಗಿ ಮುಚ್ಚಳ ಹಾಕಿದ್ದರು. ಪಂಪಿನ ದುರಸ್ತಿಗೆ ಒಂದು ಪರ್ಮಿಟ್ (ಕೆಲಸದ ಲಿಖಿತ ಅನುಮತಿ) ಇತ್ತು, ವಾಲ್ವ್ ಕೆಲಸಕ್ಕೆ ಬೇರೊಂದು. ರಾತ್ರಿ ಪಾಳಿಯವರಿಗೆ ಮೊದಲನೆಯದು ಸಿಕ್ಕಿತು, ಎರಡನೆಯದರ ಸುದ್ದಿ ತಲುಪಲಿಲ್ಲ. ಇನ್ನೊಂದು ಪಂಪ್ ನಿಂತಾಗ ಇದನ್ನು ಚಾಲೂ ಮಾಡಿದರು. ಅನಿಲ ಸೋರಿತು, ಸ್ಫೋಟವಾಯಿತು. 167 ಜನ ಸತ್ತರು. ಪರ್ಮಿಟ್ ಪದ್ಧತಿ ಅಲ್ಲಿ ಇತ್ತು, ಕಾಗದವೂ ಇತ್ತು. ಒಂದು ಪಾಳಿಯಿಂದ ಇನ್ನೊಂದು ಪಾಳಿಗೆ ಮಾತು ದಾಟಲಿಲ್ಲ.

ಇಂಥದ್ದನ್ನು ತಡೆಯಲೆಂದೇ ದುರಸ್ತಿ ಕೆಲಸದಲ್ಲಿ ಬೀಗದ ಪದ್ಧತಿ ಇರುವುದು. ಸ್ವಿಚ್ ಆಫ್ ಮಾಡಿ, ಅದಕ್ಕೆ ದುರಸ್ತಿ ಮಾಡುವವನು ತನ್ನದೇ ಬೀಗ ಹಾಕುತ್ತಾನೆ. ಹೆಸರಿನ ಚೀಟಿ ತೂಗುಹಾಕುತ್ತಾನೆ. ಕೀಲಿ ಅವನ ಜೇಬಿನಲ್ಲಿ. ನಾಲ್ಕು ಜನ ಕೆಲಸ ಮಾಡಿದರೆ ನಾಲ್ಕು ಬೀಗ. ಕೊನೆಯವನು ತೆಗೆಯುವ ತನಕ ಎಂಥ ಮ್ಯಾನೇಜರ್ ಬಂದರೂ ಯಂತ್ರ ಚಾಲೂ ಆಗದು. ಇಷ್ಟು ಅಗ್ಗದ, ಇಷ್ಟು ಗಟ್ಟಿ ಉಪಾಯ ಸುರಕ್ಷತೆಯಲ್ಲಿ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಸರಿ, ಮಾಲೀಕರ ಹಕ್ಕು ಏನು?

ಇಷ್ಟು ಓದಿದ ಮಾಲೀಕರು "ಎಲ್ಲಾ ನಮ್ಮ ತಲೆಗೇನಾ?" ಎಂದು ಕೇಳುವುದು ಸಹಜ. ಇಲ್ಲ. ಹೊಣೆ ಹೊತ್ತವರಿಗೆ ಅದನ್ನು ನಿಭಾಯಿಸುವ ಅಧಿಕಾರವೂ ಬೇಕು. ಕಾನೂನು ಅದನ್ನು ಕೊಡುತ್ತದೆ.

ಮೊದಲನೆಯದು, ನಿಯಮ ಮಾಡುವ ಮತ್ತು ಜಾರಿಗೆ ತರುವ ಹಕ್ಕು. ಗಾರ್ಡ್ ಬಿಚ್ಚಬಾರದು, ಎತ್ತರದಲ್ಲಿ ಬೆಲ್ಟ್ ಕಟ್ಟಬೇಕು, ಕುಡಿದು ಬರಬಾರದು ಎಂದು ಹೇಳಬಹುದು. ಮೀರಿದವರಿಗೆ ಎಚ್ಚರಿಕೆ ಕೊಡಬಹುದು, ಕ್ರಮ ತೆಗೆದುಕೊಳ್ಳಬಹುದು. ಕೆಲಸಗಾರರಿಗೂ ಕರ್ತವ್ಯಗಳಿವೆ: ಸಹಕರಿಸಬೇಕು, ಕೊಟ್ಟ ಸಲಕರಣೆ ಬಳಸಬೇಕು, ಅಪಾಯ ಕಂಡರೆ ತಿಳಿಸಬೇಕು. ಅಪಾಯದ ಸ್ಥಿತಿಯಲ್ಲಿ ಬಂದವರನ್ನು ಆ ದಿನ ಯಂತ್ರದ ಹತ್ತಿರ ಬಿಡದಿರುವುದು ಮಾಲೀಕರ ಹಕ್ಕೂ ಹೌದು, ಕರ್ತವ್ಯವೂ ಹೌದು.

ಎರಡನೆಯದು, ಮಾಹಿತಿ ಪಡೆಯುವ ಹಕ್ಕು. ರಾಸಾಯನಿಕ ಮಾರುವವರಿಂದ, ಅದರ ಅಪಾಯ ಮತ್ತು ಎಚ್ಚರಿಕೆಗಳನ್ನು ತಿಳಿಸುವ 16 ಭಾಗಗಳ ಸೇಫ್ಟಿ ಡೇಟಾ ಶೀಟ್ ಕೇಳಿ ಪಡೆಯಬಹುದು. ಯಂತ್ರ ಮಾರುವವರಿಂದ ಸುರಕ್ಷಿತ ಬಳಕೆಯ ಸೂಚನೆ ಪಡೆಯಬಹುದು. ಸಣ್ಣ ಮಾಲೀಕರು ಇದನ್ನು ಕೇಳುವುದೇ ಇಲ್ಲ, ಡಬ್ಬಿಯ ಮೇಲಿನ ಚಿತ್ರ ನೋಡಿಕೊಂಡು ಸುಮ್ನೆ ಇದ್ದುಬಿಡುತ್ತಾರೆ.

ಇನ್‌ಸ್ಪೆಕ್ಟರ್ ಬಂದಾಗಲೂ ಹಕ್ಕುಗಳಿವೆ. ಗುರುತಿನ ಚೀಟಿ ತೋರಿಸಿ ಎನ್ನಬಹುದು. ಅಮೆರಿಕದಲ್ಲಿ 1978ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಮಾಲೀಕರು ಒಪ್ಪದಿದ್ದರೆ ಇನ್‌ಸ್ಪೆಕ್ಟರ್ ವಾರಂಟ್ ತರಬೇಕು. ಅಲ್ಲಿ ನೋಟಿಸ್ ಬಂದರೆ 15 ಕೆಲಸದ ದಿನಗಳಲ್ಲಿ ತಕರಾರು ಸಲ್ಲಿಸಬಹುದು. ಬ್ರಿಟನ್‌ನಲ್ಲಿ 21 ದಿನ. ಅಲ್ಲಿನ ಒಂದು ಸೂಕ್ಷ್ಮ ಗಮನಿಸಿ. "ಇದನ್ನು ಸರಿಪಡಿಸಿ" ಅನ್ನುವ ನೋಟಿಸಿನ ಮೇಲೆ ಮೇಲ್ಮನವಿ ಹಾಕಿದರೆ ಅದು ತೀರ್ಮಾನ ಆಗುವ ತನಕ ನೋಟಿಸ್ ತಡೆದು ನಿಲ್ಲುತ್ತದೆ. "ಈ ಕೆಲಸ ನಿಲ್ಲಿಸಿ" ಅನ್ನುವ ನೋಟಿಸಾದರೆ, ನ್ಯಾಯಮಂಡಳಿ ಬೇರೆ ಹೇಳದ ಹೊರತು, ಮೇಲ್ಮನವಿ ಹಾಕಿದರೂ ಕೆಲಸ ನಿಂತೇ ಇರಬೇಕು. ವಾದ ಆಮೇಲೆ ಮಾಡಿ, ಮೊದಲು ಜನರನ್ನು ಅಲ್ಲಿಂದ ಸರಿಸಿ ಅನ್ನುವ ಲೆಕ್ಕ.

ಈ ಹಕ್ಕುಗಳಿಗೆ ಬೇಲಿಯೂ ಇದೆ. ಸುರಕ್ಷತೆಯ ಖರ್ಚನ್ನು ಕೆಲಸಗಾರರ ಮೇಲೆ ಹಾಕುವಂತಿಲ್ಲ ಎಂದು 155ನೇ ಒಡಂಬಡಿಕೆ ಹೇಳುತ್ತದೆ. ಬೂಟಿನ ದುಡ್ಡನ್ನು ಸಂಬಳದಲ್ಲಿ ಹಿಡಿಯುವುದು ಅದಕ್ಕೆ ನೇರ ವಿರುದ್ಧ. ಜೀವಕ್ಕೇ ಕುತ್ತು ಎಂದು ನಂಬಲು ತಕ್ಕ ಕಾರಣ ಇದ್ದು ಕೆಲಸ ಬಿಟ್ಟು ಹೊರಬಂದವನನ್ನು ಶಿಕ್ಷಿಸುವಂತಿಲ್ಲ ಎಂದೂ ಅದೇ ಹೇಳುತ್ತದೆ. ವೈದ್ಯಕೀಯ ತಪಾಸಣೆ ಮಾಡಿಸಬಹುದು. ಆದರೆ ಮಾಲೀಕರಿಗೆ ಬೇಕಾದದ್ದು "ಈ ಕೆಲಸಕ್ಕೆ ಆಗುತ್ತಾನೆ, ಇಲ್ಲ" ಅನ್ನುವ ಉತ್ತರ. ಅವನ ಕಾಯಿಲೆಯ ಪೂರ್ತಿ ಕಥೆ ಅವರ ಸ್ವತ್ತಲ್ಲ.

ಮಾಲೀಕರ ಹಕ್ಕು ಹೊಣೆಯಿಂದ ಕಳಚಿಕೊಂಡರೆ ಏನಾಗುತ್ತದೆ? 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಒಂದು ಕಡೆಯ ಬಾಗಿಲಿಗೆ ಬೀಗ ಹಾಕಿತ್ತು. ಬಟ್ಟೆ ಕದ್ದು ಹೋಗದಂತೆ, ಹೊರಡುವವರ ಚೀಲ ಒಂದೇ ಬಾಗಿಲಲ್ಲಿ ತಪಾಸಣೆ ಮಾಡಲು ಅನುಕೂಲವಾಗುವಂತೆ. ತನ್ನ ಸರಕು ಕಾಯುವ ಹಕ್ಕು ಮಾಲೀಕರಿಗೆ ಇಲ್ಲವೇ? ಇದೆ. ಆದರೆ ಆ ಬಾಗಿಲು ಬರೀ ಬಾಗಿಲಾಗಿರಲಿಲ್ಲ, ತಪ್ಪಿಸಿಕೊಳ್ಳುವ ದಾರಿಯೂ ಆಗಿತ್ತು. 146 ಜನ ಸತ್ತರು, ಬಹುಪಾಲು ಯುವತಿಯರು. ಮಾಲೀಕರು ಕ್ರಿಮಿನಲ್ ಕೇಸಿನಲ್ಲಿ ಬಿಡುಗಡೆಯಾದರು. ಬೀಗ ಹಾಕಿದ್ದು ಅವರಿಗೆ ಗೊತ್ತಿತ್ತು ಎಂದು ಸಾಬೀತಾಗಲಿಲ್ಲ. ಇವತ್ತಿನ ಕಾನೂನುಗಳು "ನಿನಗೆ ಗೊತ್ತಿತ್ತಾ?" ಎಂದಷ್ಟೇ ಕೇಳುವುದಿಲ್ಲ, "ಗೊತ್ತಿರಬೇಕಿತ್ತಲ್ಲ?" ಎಂದೂ ಕೇಳುತ್ತವೆ.

ಅಪಘಾತ ಆದ ಮೇಲೆ

ಮೊದಲು ಪ್ರಾಣ, ಆಮೇಲೆ ಉಳಿದದ್ದು. ಆದರೆ ಆ ಗಡಿಬಿಡಿಯಲ್ಲೂ ಒಂದು ಎಚ್ಚರ ಬೇಕು. ಟ್ಯಾಂಕು, ಮ್ಯಾನ್‌ಹೋಲ್, ಹಗೇವಿನಂಥ ಇಕ್ಕಟ್ಟಿನ ಜಾಗದಲ್ಲಿ ಒಬ್ಬ ಬಿದ್ದರೆ, ಎತ್ತಲು ಇಳಿದವರೂ ಬೀಳುತ್ತಾರೆ. ಕೆಲಸದ ಸುರಕ್ಷತೆಯ ಸಂಶೋಧನೆ ಮಾಡುವ ಅಮೆರಿಕದ ನಿಯೋಶ್ ಸಂಸ್ಥೆ 1986ರಲ್ಲಿ ಕೊಟ್ಟ ಲೆಕ್ಕದಲ್ಲಿ ಇಂಥ ಜಾಗಗಳಲ್ಲಿ ಸತ್ತವರ ಪೈಕಿ ಶೇ. 60ಕ್ಕೂ ಹೆಚ್ಚು ಜನ ಕಾಪಾಡಲು ಹೋದವರು. ಗಾಳಿಯಲ್ಲಿ ಆಮ್ಲಜನಕ ಶೇ. 20.9 ಇರುತ್ತದೆ. ಅದು 19.5ಕ್ಕಿಂತ ಕೆಳಗಿಳಿದರೆ ಇಳಿಯಲೇಬಾರದು. ಇದು ಮೂಗಿಗೆ ಗೊತ್ತಾಗುವುದಿಲ್ಲ, ಮೀಟರಿಗೆ ಮಾತ್ರ ಗೊತ್ತಾಗುತ್ತದೆ. ಮೀಟರ್ ಇಡುವುದು, ಮೇಲಿನಿಂದಲೇ ಎಳೆಯುವ ಹಗ್ಗ ಮತ್ತು ಮುಕ್ಕಾಲಿ ಸಿದ್ಧ ಇಡುವುದು ಮಾಲೀಕರ ಕೆಲಸ, ಅದೂ ಇಳಿಯುವ ಮೊದಲೇ.

ನಂತರ ಸರ್ಕಾರಕ್ಕೆ ತಿಳಿಸಬೇಕು. ಎಷ್ಟರೊಳಗೆ ಅನ್ನುವುದು ದೇಶಕ್ಕೊಂದು ಥರ. ಅಮೆರಿಕದಲ್ಲಿ ಸಾವಾದರೆ 8 ಗಂಟೆ, ಅಂಗ ಅಥವಾ ಕಣ್ಣು ಹೋದರೆ, ಇಲ್ಲವೇ ಆಸ್ಪತ್ರೆಗೆ ದಾಖಲಾದರೆ 24 ಗಂಟೆ. ಜಾಗವನ್ನು ತೊಳೆದು ಸ್ವಚ್ಛ ಮಾಡುವ ಆತುರ ಬೇಡ. ಅದು ಸಾಕ್ಷ್ಯ ನಾಶದಂತೆ ಕಾಣುತ್ತದೆ, ಎಷ್ಟೋ ಸಲ ಆಗಿಯೂ ಇರುತ್ತದೆ.

ಈಗ ಪ್ರೆಸ್ ಮಷಿನ್ನಿಗೆ ವಾಪಸ್ ಬರೋಣ. "ಕೆಲಸಗಾರ ನಿಯಮ ಮೀರಿದ, ನಮ್ಮ ತಪ್ಪಿಲ್ಲ" ಅನ್ನುವ ವಾದಕ್ಕೆ ಕಾನೂನಿನಲ್ಲಿ ಜಾಗ ಇದೆಯಾ? ಇದೆ. ಅಮೆರಿಕದಲ್ಲಿ ಇದು ಒಪ್ಪಿತ ವಾದ. ಆದರೆ ನಾಲ್ಕು ವಿಷಯ ತೋರಿಸಬೇಕು: ಈ ಅಪಾಯ ತಡೆಯುವ ನಿಯಮ ಇತ್ತು. ಅದನ್ನು ಕೆಲಸಗಾರರಿಗೆ ಸರಿಯಾಗಿ ತಿಳಿಸಿತ್ತು. ಮೀರುತ್ತಿದ್ದಾರಾ ಎಂದು ಹುಡುಕುತ್ತಿದ್ದೆವು. ಸಿಕ್ಕಿಬಿದ್ದವರ ಮೇಲೆ ನಿಜವಾಗಿ ಕ್ರಮ ತೆಗೆದುಕೊಂಡಿದ್ದೆವು.

ನಮ್ಮ ಮಾಲೀಕರ ಬೋರ್ಡು, ಸಹಿ ಮೊದಲೆರಡನ್ನು ತೋರಿಸುತ್ತವೆ. ಮೂರನೆಯದಕ್ಕೆ ಬಂದಾಗ ಆ ಮೂರು ವಾರದ ಟೇಪ್ ಎದುರಿಗೆ ನಿಲ್ಲುತ್ತದೆ. ಆ ಟೇಪ್ ನೋಡದೇ ಇದ್ದರೆ ಉಸ್ತುವಾರಿ ಇರಲಿಲ್ಲ. ನೋಡಿ ಸುಮ್ಮನಿದ್ದರೆ ನಿಯಮವೇ ಇರಲಿಲ್ಲ. ಎರಡರಲ್ಲಿ ಯಾವುದನ್ನು ಒಪ್ಪಿಕೊಂಡರೂ ವಾದ ಅಲ್ಲಿಗೇ ನಿಲ್ಲುತ್ತದೆ.

ಅದಕ್ಕಿಂತ ಮುಂಚೆ ಯಂತ್ರದ ಮಾತೂ ಇದೆ. ಒಂದು ಬಟನ್ ಒತ್ತಿ ಕಟ್ಟಿಟ್ಟರೆ ಕೆಲಸವೇ ಮಾಡದ ಕಂಟ್ರೋಲ್‌ಗಳು ಬಂದು ಎಷ್ಟೋ ಕಾಲವಾಯಿತು. ಅರ್ಧ ಸೆಕೆಂಡಿನ ಒಳಗೆ ಎರಡನ್ನೂ ಒತ್ತಬೇಕು, ಪ್ರತಿ ಪೀಸಿಗೂ ಎರಡನ್ನೂ ಬಿಟ್ಟು ಮತ್ತೆ ಒತ್ತಬೇಕು. ಟೇಪ್ ಸುತ್ತಿದರೆ ಯಂತ್ರ ಸುಮ್ಮನೆ ನಿಂತುಬಿಡುತ್ತದೆ. ಎಚ್ಚರಿಕೆಯ ಹತ್ತು ಬೋರ್ಡು ಮಾಡದ ಕೆಲಸವನ್ನು ಕಂಟ್ರೋಲ್ ಒಳಗಿನ ಒಂದು ರಿಲೇ ಸ್ವಿಚ್ ಮಾಡುತ್ತದೆ.

ಇನ್ನು ಅಪಘಾತಕ್ಕಾಗಿ ಕಾಯದ ಮಾಲೀಕರೊಬ್ಬರು ಅದೇ ಟೇಪನ್ನು ಎರಡನೇ ದಿನವೇ ನೋಡಿದರು ಅಂದುಕೊಳ್ಳಿ. ಅವರು ಬೈದು ಕಿತ್ತುಹಾಕಬಹುದು, ಅದು ಅವರ ಹಕ್ಕು. ನಾಳೆ ಟೇಪ್ ಬದಲು ಅಲ್ಲಿ ಮರದ ಚೂರು ಬರುತ್ತದೆ. ಅಥವಾ ಯಂತ್ರ ನಿಲ್ಲಿಸಿ, ಪಕ್ಕದಲ್ಲಿ ನಿಂತು, "ಯಾಕಪ್ಪಾ ಇದನ್ನ ಕಟ್ಟಿದೆ?" ಎಂದು ಕೇಳಬಹುದು. ಉತ್ತರ ಸಾಮಾನ್ಯವಾಗಿ ತೀರಾ ಸಣ್ಣದಿರುತ್ತದೆ. ತಗಡು ಡೈ ಮೇಲೆ ನಿಲ್ಲೋದಿಲ್ಲ ಸಾರ್, ಕೈ ಬಿಟ್ಟರೆ ಜಾರುತ್ತೆ, ಹಿಡಿದುಕೊಂಡೇ ಒತ್ತಬೇಕು. ಅಲ್ಲಿಗೆ ಬೇಕಾಗಿದ್ದದ್ದು ತಗಡು ಹಿಡಿದಿಡುವ ಒಂದು ಪುಟ್ಟ ಕ್ಲ್ಯಾಂಪ್.